ಮಗಳ ಓದಿಗೆ ಎಷ್ಟು ಹಸುವಿನ ಹಾಲು?

ಮೇ, ಜೂನ್ ತಿಂಗಳಲ್ಲಿ ಯಾವ ಹಳ್ಳಿಯ ಕೊಟ್ಟಿಗೆಗೆ ಹೋದರೂ ಹಸುವಿನ ಮಾತು ಮುಗಿಯುತ್ತಿದ್ದಂತೆ ಇನ್ನೊಂದು ಮಾತು ಶುರುವಾಗುತ್ತದೆ. "ಮೇಡಂ, ನಮ್ಮ ಹುಡುಗಿ ಪಿಯುಸಿ ಪಾಸಾದಳು. ಮುಂದೆ ಯಾವುದಕ್ಕೆ ಸೇರಿಸೋದು? ಡಿಗ್ರಿ ಮಾಡಿಸಿದ್ರೆ ಕೆಲಸ ಸಿಗುತ್ತಾ?" ಕೇಳುವವರು ನೀವೇ. ಗಂಡಸರು ಈ ಪ್ರಶ್ನೆ ಕೇಳುವುದು ಕಡಿಮೆ. ಅವರು ತೀರ್ಮಾನ ಮಾಡಿಬಿಟ್ಟಿರುತ್ತಾರೆ, ಇಲ್ಲವೇ ಪೇಟೆಯಲ್ಲಿ ಯಾರನ್ನೋ ಕೇಳಿಕೊಂಡು ಬಂದಿರುತ್ತಾರೆ. ನಾನು ಕೈ ತೊಳೆದು ಗಾಡಿ ಹತ್ತುವಷ್ಟರಲ್ಲಿ ಉತ್ತರ ಹೇಳಬೇಕು. ಅಷ್ಟು ಹೊತ್ತಿನಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ. ಅದಕ್ಕೇ ಈ ಬಾರಿ ಕೆಚ್ಚಲು ಬಾವು, ಖನಿಜ ಮಿಶ್ರಣ ಎಲ್ಲವನ್ನೂ ಬದಿಗಿಟ್ಟು ಇದನ್ನೇ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. ಕಾಲೇಜಿನವರು ಶುಲ್ಕವನ್ನು ರೂಪಾಯಿಯಲ್ಲಿ ಹೇಳುತ್ತಾರೆ. ನೀವು ಅದನ್ನು ಹಸುವಿನಲ್ಲಿ ಲೆಕ್ಕ ಹಾಕಿ. ಒಂದು ಸೀಮೆ ಹಸು ದಿನಕ್ಕೆ ಸರಾಸರಿ 10 ಲೀಟರ್‌ನಂತೆ 305 ದಿನ ಕರೆಯಿತು ಎಂದುಕೊಳ್ಳಿ. ಒಟ್ಟು 3,050 ಲೀಟರ್ ಆಯಿತು. ಹಿಂಡಿ, ಬೂಸಾ, ಒಣಹುಲ್ಲು, ಔಷಧಿ ಎಲ್ಲ ಕಳೆದು ಲೀಟರಿಗೆ 8 ರೂಪಾಯಿ ಉಳಿಯಿತು ಎಂದಿಟ್ಟುಕೊಳ್ಳಿ. ಕೆಲವರಿಗೆ ಇದಕ್ಕಿಂತ ಹೆಚ್ಚು ಉಳಿಯಬಹುದು, ಮೇವು ಕೊಳ್ಳುವವರಿಗೆ ಕಡಿಮೆ. ಆ ಲೆಕ್ಕದಲ್ಲಿ ವರ್ಷಕ್ಕೆ ಒಂದು ಹಸುವಿನಿಂದ ಉಳಿಯುವುದು 24,400 ರೂಪಾಯಿ. ಬೆಳಗಿನ ಐದು ಗಂಟೆಯಿಂದ ನೀವು ಪಟ್ಟ ದುಡಿಮೆಗೆ ಇದರಲ್ಲಿ ಕೂಲಿ ಹಾಕಿಲ್ಲ. ಈಗ ಹಾಸ್ಟೆಲ್ ಸೇರಿ ವರ್ಷಕ್ಕೆ 1,20,000 ರೂಪಾಯಿ ಆಗುವ ಕೋರ್ಸ್ ಎಂದರೆ ಸುಮಾರು ಐದು ಹಸುಗಳ ಇಡೀ ವರ್ಷದ ಉಳಿತಾಯ. ನಾಲ್ಕು ವರ್ಷದ ಕೋರ್ಸಾದರೆ ಐದೂ ಹಸು ನಾಲ್ಕು ವರ್ಷ ಒಂದೇ ಒಂದು ಸೂಲು ತಪ್ಪದೆ, ಒಂದೇ ಒಂದು ಮೊಲೆ ಕೆಡದೆ ಕರೆಯಬೇಕು. ಹಾಗೆ ಕರೆಯುವ ಐದು ಹಸು ಇರುವ ಕೊಟ್ಟಿಗೆ ನಾನಂತೂ ಹೆಚ್ಚು ಕಂಡಿಲ್ಲ.

ಸಾಲ ಮಾಡಿದರೂ ಲೆಕ್ಕ ಹಾಕಿಯೇ ಮಾಡಿ. ಶಿಕ್ಷಣ ಸಾಲದಲ್ಲಿ ಸಾಮಾನ್ಯವಾಗಿ ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ. "ಈಗೇನೂ ಕಟ್ಟೋದು ಬೇಡ" ಎಂದು ಎಲ್ಲರೂ ಹೇಳುತ್ತಾರೆ. ಬಡ್ಡಿ ಮಾತ್ರ ಸುಮ್ಮನೆ ಕೂರುವುದಿಲ್ಲ. ವರ್ಷಕ್ಕೆ ಒಂದು ಲಕ್ಷದಂತೆ ನಾಲ್ಕು ವರ್ಷ ಸಾಲ ಪಡೆದು, ಬಡ್ಡಿ ಶೇಕಡಾ 10 ಎಂದು ಹಿಡಿದರೆ, ಮೊದಲ ಕಂತು ಕಟ್ಟುವ ದಿನಕ್ಕೆ ಸರಳ ಬಡ್ಡಿಯೇ 1,40,000 ರೂಪಾಯಿ ಆಗಿರುತ್ತದೆ. ನಾಲ್ಕು ಲಕ್ಷದ ಸಾಲ ಐದೂವರೆ ಲಕ್ಷದ ಹತ್ತಿರ ಬಂದಿರುತ್ತದೆ. ಸಾಲ ಮಾಡಬೇಡಿ ಎನ್ನುತ್ತಿಲ್ಲ. ಹಸು ಕೊಳ್ಳಲು ಸಾಲ ಮಾಡುವಾಗ ಹಲ್ಲು ನೋಡುತ್ತೀರಿ, ಕೆಚ್ಚಲು ಮುಟ್ಟಿ ನೋಡುತ್ತೀರಿ, ಎರಡು ಹೊತ್ತು ಕರೆದು ನೋಡಿ ತರುತ್ತೀರಿ. ಕಾಲೇಜನ್ನು ಮಾತ್ರ ಬಸ್ಸಿನ ಬಣ್ಣ ನೋಡಿ ಒಪ್ಪಿಕೊಂಡವರಿದ್ದಾರೆ.

ಕಾಗದ ಯಾವ ಬೀಗ ತೆಗೆಯುತ್ತದೆ?

ಹಾಗಾದರೆ ಯಾವ ಓದಿಗೆ ಅಷ್ಟು ಹಸುವಿನ ಹಾಲು ಸುರಿಯಬಹುದು? ನಾನು ಕೇಳುವುದು ಒಂದೇ ಪ್ರಶ್ನೆ. ಈ ಸರ್ಟಿಫಿಕೇಟ್ ಇಲ್ಲದಿದ್ದರೆ ಕಾನೂನಿನ ಪ್ರಕಾರ ಮಾಡಲು ಬಾರದ ಕೆಲಸ ಯಾವುದು?

ನನ್ನ ಕೆಲಸವನ್ನೇ ತೆಗೆದುಕೊಳ್ಳಿ. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯಿದೆ ಪ್ರಕಾರ ನೋಂದಾಯಿತ ಪಶುವೈದ್ಯರು ಮಾತ್ರ ಚಿಕಿತ್ಸೆ ಮಾಡಬಹುದು. ಡಿಪ್ಲೊಮಾ ಅಥವಾ ತರಬೇತಿ ಪಡೆದವರು ರಾಜ್ಯ ಸರ್ಕಾರ ಆದೇಶದಲ್ಲಿ ಹೇಳಿದ ಸಣ್ಣಪುಟ್ಟ ಸೇವೆಗಳನ್ನು, ಅದೂ ನೋಂದಾಯಿತ ವೈದ್ಯರ ಮೇಲ್ವಿಚಾರಣೆಯಲ್ಲಿ, ಮಾಡಬಹುದು. ನೋಂದಣಿ ಬೇಕೆಂದರೆ ಬಿ.ವಿ.ಎಸ್ಸಿ. ಪದವಿ ಬೇಕು. ಈಗ ಆ ಕೋರ್ಸ್ ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಇದು ಬೀಗ ತೆಗೆಯುವ ಕಾಗದ.

ಆ ಐದೂವರೆ ವರ್ಷ ಏನು ಕಲಿಸುತ್ತದೆ ಎಂದು ನೀವು ಕೇಳುವುದು ಸರಿ. ಹಾಲು ಜ್ವರ ನಿಮಗೆಲ್ಲ ಗೊತ್ತು. ಕರು ಹಾಕಿದ ಎರಡು ಮೂರು ದಿನದೊಳಗೆ ಹೆಚ್ಚು ಹಾಲಿನ ಹಸು ಕುಸಿದು ಕೂರುತ್ತದೆ, ಕತ್ತು ತಿರುಗಿಸಿ ಪಕ್ಕೆಗೆ ಇಟ್ಟುಕೊಳ್ಳುತ್ತದೆ, ಕಿವಿ ತಣ್ಣಗಾಗುತ್ತದೆ. ರಕ್ತನಾಳಕ್ಕೆ ಕ್ಯಾಲ್ಸಿಯಂ ಬಾಟಲಿ ಹಾಕಿದರೆ ಅರ್ಧ ಗಂಟೆಯಲ್ಲಿ ಎದ್ದು ನಿಲ್ಲುವ ಹಸುಗಳಿವೆ. ನೋಡುವವರಿಗೆ ಪವಾಡದಂತೆ ಕಾಣುತ್ತದೆ. ಬಾಟಲಿ ಹಾಕುವುದನ್ನು ನಾಲ್ಕು ಸಲ ನೋಡಿದ ಯಾರು ಬೇಕಾದರೂ ಸೂಜಿ ಚುಚ್ಚಬಲ್ಲರು. ಚುಚ್ಚುವವರು ಪ್ರತಿ ಹೋಬಳಿಯಲ್ಲೂ ಇದ್ದಾರೆ. ಆದರೆ ಅದೇ ಕ್ಯಾಲ್ಸಿಯಂ ಬೇಗ ಹರಿದರೆ ಹಸುವಿನ ಹೃದಯ ನಿಂತುಹೋಗುತ್ತದೆ. ಹಾಕುವಾಗ ಎದೆಯ ಬಡಿತ ಕೇಳುತ್ತಿರಬೇಕು, ಬಡಿತ ತಪ್ಪಿದ ಕ್ಷಣ ನಿಲ್ಲಿಸಬೇಕು. ಕುಸಿದು ಕೂತ ಹಸುಗಳಿಗೆಲ್ಲ ಹಾಲು ಜ್ವರವೇ ಇರುವುದಿಲ್ಲ ಎಂಬುದೂ ಗೊತ್ತಿರಬೇಕು. ನನ್ನ ವ್ಯಾಪ್ತಿಯ ಒಂದು ಊರಿನಲ್ಲಿ ಎರಡನೇ ಸೂಲಿನ, ದಿನಕ್ಕೆ 18 ಲೀಟರ್ ಕೊಡುತ್ತಿದ್ದ ಹಸು ಹೀಗೆ ಬಾಟಲಿ ಅರ್ಧ ಮುಗಿಯುವಷ್ಟರಲ್ಲಿ ಸತ್ತಿತು. ನಾನು ತಲುಪಿದಾಗ ಸೂಜಿ ಹಾಗೇ ಇತ್ತು, ಹಾಕಿದವನು ಇರಲಿಲ್ಲ. ಆ ಮನೆಯ ಅಕ್ಕ ಕೇಳಿದ್ದು, "ಅದೇ ಔಷಧಿ ಅಲ್ವಾ ಮೇಡಂ ನೀವೂ ಹಾಕೋದು?" ಅದೇ ಔಷಧಿ. ಯಾವಾಗ ನಿಲ್ಲಿಸಬೇಕು, ಯಾವಾಗ ಹಾಕಲೇಬಾರದು ಎಂದು ಕಲಿಯುವುದಕ್ಕೆ ಅಷ್ಟು ವರ್ಷ ಹಿಡಿಯುತ್ತದೆ.

ಆದರೆ ಕಾಲೇಜು ಎಲ್ಲವನ್ನೂ ಕಲಿಸುತ್ತದೆ ಎಂದು ನಂಬಬೇಡಿ. ಎಮ್ಮೆ ಬೆದೆಗೆ ಬಂದರೆ ಎಷ್ಟೋ ಸಲ ಕೂಗುವುದೂ ಇಲ್ಲ, ಹತ್ತುವುದೂ ಇಲ್ಲ. ಪುಸ್ತಕದಲ್ಲಿ ಇದಕ್ಕೆ ಮೂಕ ಬೆದೆ ಎಂದು ಹೆಸರಿದೆ, ಅಷ್ಟೆ. "ಇವತ್ತು ಬೂಸಾ ಬಿಟ್ಟು ಬಾಗಿಲ ಕಡೆ ನೋಡ್ತಾ ಇದೆ, ಬಾಲ ಒಂದು ತರ ಹಿಡಿದಿದೆ" ಎಂದು ಕಂಡು ಹೇಳುವವರು ನೀವು. ನೀವು ಹೇಳದಿದ್ದರೆ ನನ್ನ ಪದವಿ ಅಲ್ಲಿ 21 ದಿನ ಕಾಯಬೇಕು.

ಕುರಿಯನ್ ಅವರ ಹೆಸರನ್ನು ಇಲ್ಲಿ ಹೇಳಲೇಬೇಕು. ಯಾಕೆಂದರೆ "ಅವರೇನು ಹೈನುಗಾರಿಕೆ ಓದಿದ್ದರಾ?" ಎಂದು ಓದು ಬೇಡ ಎನ್ನುವವರು ಅವರನ್ನೇ ಉದಾಹರಣೆ ಕೊಡುತ್ತಾರೆ. ನಿಜ, ವರ್ಗೀಸ್ ಕುರಿಯನ್ ಓದಿದ್ದು ಭೌತವಿಜ್ಞಾನ, ಆಮೇಲೆ ಮದರಾಸಿನ ಗಿಂಡಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್. ಸರ್ಕಾರಿ ವಿದ್ಯಾರ್ಥಿವೇತನದಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಓದಿ ಬಂದು, ಅದರ ಕರಾರಿನಂತೆ 1949ರಲ್ಲಿ ಆನಂದಕ್ಕೆ ಬಂದರು. ಅಲ್ಲಿ ರೈತರನ್ನು ಒಟ್ಟುಗೂಡಿಸಿದ್ದು ತ್ರಿಭುವನದಾಸ್ ಪಟೇಲರು. ಎಮ್ಮೆ ಹಾಲಿನಿಂದ ಪುಡಿ ಮಾಡಲಾಗದು ಎಂದು ಜಗತ್ತೇ ಹೇಳುತ್ತಿದ್ದಾಗ ಅದನ್ನು ಮಾಡಿ ತೋರಿಸಿದ್ದು ಡೇರಿ ವಿಜ್ಞಾನವನ್ನೇ ಓದಿದ್ದ ದಲಾಯ ಅವರು. ಹಾಲು ಹಾಕಿದ್ದು ಖೇಡಾ ಜಿಲ್ಲೆಯ ರೈತ ಕುಟುಂಬಗಳು. ಈ ಸಾಲಿನಲ್ಲಿ ಒಬ್ಬರನ್ನು ತೆಗೆದರೂ ನಮ್ಮ ನಿಮ್ಮ ಸಂಘಗಳು ಇರುತ್ತಿದ್ದವೋ ಇಲ್ಲವೋ.

ಪದವಿ ಇಲ್ಲದೆಯೂ ತೆರೆಯುವ ಬಾಗಿಲು

ಬೀಗ ತೆಗೆಯುವ ಕಾಗದ ಯಾವಾಗಲೂ ವಿಶ್ವವಿದ್ಯಾಲಯದ್ದೇ ಆಗಬೇಕಿಲ್ಲ. ಔಷಧಿ ಅಂಗಡಿಗೆ ನೋಂದಾಯಿತ ಫಾರ್ಮಸಿಸ್ಟ್ ಬೇಕು. ಅದಕ್ಕೆ ಎರಡು ವರ್ಷದ ಡಿ.ಫಾರ್ಮ ದಾರಿಯಲ್ಲೂ ಹೋಗಬಹುದು, ನಾಲ್ಕು ವರ್ಷದ ಬಿ.ಫಾರ್ಮ ಆಗಲೇಬೇಕೆಂದಿಲ್ಲ. ನರ್ಸ್ ಆಗಲು ಬಿ.ಎಸ್ಸಿ. ನರ್ಸಿಂಗ್ ಒಂದೇ ದಾರಿಯಲ್ಲ, ಮೂರು ವರ್ಷದ ಜಿಎನ್ಎಂ ಇದೆ. ಆದರೆ ಎರಡರಲ್ಲೂ ಕಾಲೇಜಿಗೆ ಆಯಾ ಕೌನ್ಸಿಲ್‌ನ ಮಾನ್ಯತೆ ಇದೆಯೇ ಎಂದು ನೋಡದೆ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಮಾನ್ಯತೆ ಇಲ್ಲದ ಕಾಲೇಜಿನ ಸರ್ಟಿಫಿಕೇಟ್ ಗೊಡ್ಡು ಹಸು ಇದ್ದಂತೆ; ಮೇವು ತಿನ್ನುತ್ತದೆ, ಅಷ್ಟೆ.

ನಮ್ಮ ಕ್ಷೇತ್ರದಲ್ಲೇ ಎಸ್ಸೆಸ್ಸೆಲ್ಸಿ ನಂತರ ಸೇರಬಹುದಾದ ಪಶುಸಂಗೋಪನಾ ಡಿಪ್ಲೊಮಾ ಇದೆ. ತಿಪಟೂರಿನ ಹತ್ತಿರ ಕೋನೇಹಳ್ಳಿಯಂತಹ ಕಡೆ ಇದಕ್ಕೆಂದೇ ಪಾಲಿಟೆಕ್ನಿಕ್ ಇದೆ. ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇದನ್ನು ನಡೆಸುತ್ತದೆ. ರಾಷ್ಟ್ರೀಯ ಗೋಕುಲ ಮಿಷನ್ ಅಡಿಯಲ್ಲಿ ಕೃತಕ ಗರ್ಭಧಾರಣೆ ಮಾಡುವ "ಮೈತ್ರಿ" ಕಾರ್ಯಕರ್ತರ ತರಬೇತಿ ಮೂರು ತಿಂಗಳು. ಒಂದು ತಿಂಗಳು ತರಗತಿ, ಉಳಿದದ್ದು ಹಸುಗಳ ಮೇಲೆಯೇ ಅಭ್ಯಾಸ. ಸ್ವಸಹಾಯ ಸಂಘಗಳ ಮೂಲಕ ಪಶುಸಖಿಯರಾದವರು ನಿಮ್ಮ ಪಂಚಾಯಿತಿಯಲ್ಲೇ ಇರಬಹುದು. ಸಂಘದ ಕಾರ್ಯದರ್ಶಿ, ಹಾಲು ಪರೀಕ್ಷಕಿ ಕೆಲಸಕ್ಕೆ ಪದವಿಗಿಂತ ಮುಖ್ಯವಾದದ್ದು ಲೆಕ್ಕ, ಮತ್ತು ಫ್ಯಾಟ್ ಓದುವಾಗ ಯಾರ ಮುಖವನ್ನೂ ನೋಡದ ಗಟ್ಟಿತನ.

ಕೃತಕ ಗರ್ಭಧಾರಣೆ ಮಾಡುವ ಒಬ್ಬ ಹೆಣ್ಣುಮಗಳ ಬಗ್ಗೆ ಹೇಳುತ್ತೇನೆ. ಹೆಸರು ಬೇಡ ಎಂದಿದ್ದಾಳೆ. ಪಿಯುಸಿ ಕಲಾ ವಿಭಾಗ. ಗಂಡ ತೀರಿಕೊಂಡ ಮೇಲೆ ತರಬೇತಿಗೆ ಹೋದಳು. ಸ್ಕೂಟರ್ ಹಿಂದೆ ದ್ರವ ಸಾರಜನಕದ ಪುಟ್ಟ ಜಾಡಿ ಕಟ್ಟಿಕೊಂಡು ಏಳು ಹಳ್ಳಿ ಸುತ್ತುತ್ತಾಳೆ. ಅದರೊಳಗೆ ಮೈನಸ್ 196 ಡಿಗ್ರಿ. ವೀರ್ಯದ ಕಡ್ಡಿಯನ್ನು 37 ಡಿಗ್ರಿಯ ನೀರಿನಲ್ಲಿ ಅರ್ಧ ನಿಮಿಷ ಕರಗಿಸಬೇಕು. ಅವಳು ಉಷ್ಣಮಾಪಕವಿಲ್ಲದೆ ಆ ಕೆಲಸ ಮಾಡಿದ್ದನ್ನು ನಾನು ನೋಡಿಲ್ಲ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ. "ಈಗಲೇ ಹಾಕು" ಎಂದು ಊರ ಯಜಮಾನರು ಗದರಿದರೂ ಹಾಕುವುದಿಲ್ಲ. ಅವಳ ಕೈಯಲ್ಲಿ ಗರ್ಭ ನಿಲ್ಲುತ್ತದೆ ಎಂದು ಹೆಂಗಸರು ಅವಳನ್ನೇ ಕರೆಯುತ್ತಾರೆ. ಕೆಲಸದ ಶಿಸ್ತಿನಲ್ಲಿ ಅವಳು ಎಷ್ಟೋ ಪದವೀಧರರಿಗಿಂತ ಮೇಲು.

ಆದರೂ ಅವಳ ಮಾತನ್ನು ಪೂರ್ತಿ ಕೇಳಿ. "ಮೇಡಂ, ಮಾಸು ಬೀಳದ ಹಸು, ಜ್ವರ ಬಂದ ಹಸು, ಎಲ್ಲಾ ತೋರಿಸ್ತಾರೆ. ಏನಾಗಿದೆ ಅಂತ ಸುಮಾರು ನಂಗೆ ಗೊತ್ತಾಗುತ್ತೆ. ಮುಟ್ಟೋ ಹಂಗಿಲ್ಲ. ನಿಮಗೆ ಫೋನ್ ಮಾಡಿ ಕಾಯ್ತೀನಿ. ನನ್ನ ಮಗಳು ಕಾಯೋದು ಬೇಡ." ಗಳಿಕೆ ಸಾಲದು ಎಂದು ಅವಳು ಹೇಳುತ್ತಿಲ್ಲ. ಬೇಗ ಕೈಗೆ ಸಿಗುವ ತರಬೇತಿಯ ಮೇಲೆ ಒಂದು ಸೂರು ಇರುತ್ತದೆ, ಇಪ್ಪತ್ತೈದನೇ ವಯಸ್ಸಿನಲ್ಲಿ ಅದು ಕಾಣುವುದಿಲ್ಲ. ಹಾಗಾಗಿ ಮಕ್ಕಳನ್ನು ಯಾವ ಕಿರು ಕೋರ್ಸಿಗೆ ಸೇರಿಸುವಾಗಲೂ "ಇದರ ಮೇಲಿನ ಮೆಟ್ಟಿಲು ಯಾವುದು?" ಎಂದು ಕೇಳಿ. ಪಾಲಿಟೆಕ್ನಿಕ್‌ನ ಎಂಜಿನಿಯರಿಂಗ್ ಡಿಪ್ಲೊಮಾ ಮಾಡಿದವರು ನೇರವಾಗಿ ಬಿ.ಇ. ಎರಡನೇ ವರ್ಷಕ್ಕೆ ಸೇರಬಹುದು. ಅಲ್ಲಿ ಮೆಟ್ಟಿಲಿದೆ. ಮೂರು ತಿಂಗಳ ತರಬೇತಿಯಿಂದ ಪಶುವೈದ್ಯ ಪದವಿಗೆ ಮೆಟ್ಟಿಲಿಲ್ಲ.

ಸಾದಾ ಬಿ.ಎ., ಬಿ.ಕಾಂ. ದಂಡವೇ?

ಅಲ್ಲ. ಆದರೆ ಅದಕ್ಕೆ ಎಷ್ಟು ಕೊಡುತ್ತೀರಿ ಎನ್ನುವುದರ ಮೇಲೆ ಹೋಗುತ್ತದೆ. ಪಿಡಿಒ ಹುದ್ದೆ, ಬ್ಯಾಂಕ್ ಪರೀಕ್ಷೆ, ಕೆಎಎಸ್ ಯಾವುದಕ್ಕೂ "ಯಾವುದಾದರೂ ಪದವಿ" ಸಾಕು. ಆ ಟಿಕೆಟ್ಟಿಗೆ ತಾಲ್ಲೂಕಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲೂ, ಪೇಟೆಯ ದುಬಾರಿ ಕಾಲೇಜಿನಲ್ಲೂ ಬೆಲೆ ಒಂದೇ. ಪರೀಕ್ಷಾ ಹಾಲ್‌ನಲ್ಲಿ ಯಾರೂ ಕಟ್ಟಡದ ಗಾಜು ನೋಡುವುದಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಬೆಳಗಿನ ಹಾಲು ಡೇರಿಗೆ ಹಾಕಿ ಎಂಟರ ಬಸ್ಸಿಗೆ ಹೋಗಿ ಬರುವ ಹುಡುಗಿಯರು ನನ್ನ ದಾರಿಯಲ್ಲೇ ಸಿಗುತ್ತಾರೆ. ಇಂಥ ಪದವಿಗೆ ಒಂದು ಹಸುವಿನ ಉಳಿತಾಯ ಸಾಕು. ಅದೇ ಬಿ.ಕಾಂ.ಗೆ ಐದು ಹಸುವಿನ ಹಣ ಸುರಿಯಿರಿ ಎಂದರೆ ನಾನು ಬೇಡ ಎನ್ನುತ್ತೇನೆ.

ಆ ಮೂರು ವರ್ಷಕ್ಕೆ ಇನ್ನೊಂದು ಬೆಲೆ ಇದೆ, ಅದನ್ನು ಯಾವ ಕೌನ್ಸೆಲಿಂಗ್‌ನಲ್ಲೂ ಹೇಳುವುದಿಲ್ಲ. ಓದುತ್ತಿದ್ದಾಳೆ ಎಂಬ ಒಂದೇ ಕಾರಣಕ್ಕೆ ಮುಂದಕ್ಕೆ ಹೋದ ಮದುವೆಗಳಿವೆ. ಹದಿನೆಂಟು ತುಂಬಿದ ತಿಂಗಳಲ್ಲೇ ಬಂದ ಸಂಬಂಧವನ್ನು "ಡಿಗ್ರಿ ಮುಗೀಲಿ" ಎಂದು ತಾಯಿ ತಿರುಗಿಸಿ ಕಳಿಸಬಹುದು. ಬೇರೆ ಯಾವ ಕಾರಣ ಹೇಳಿದರೂ ಮನೆಯಲ್ಲಿ ಜಗಳ. ಬ್ಯಾಂಕಿಗೆ ಒಬ್ಬಳೇ ಹೋಗುವುದು, ಅರ್ಜಿ ಓದಿ ಸಹಿ ಹಾಕುವುದು, ಅಪರಿಚಿತರ ಮುಂದೆ ನಿಂತು ಮಾತಾಡುವುದು, ಇವೆಲ್ಲ ಅಲ್ಲೇ ಬರುತ್ತವೆ. ಇದನ್ನು ಸಂಬಳದಲ್ಲಿ ಅಳೆಯಲು ಬರುವುದಿಲ್ಲ, ಆದರೆ ಲೆಕ್ಕದಿಂದ ಬಿಡಲೂ ಬಾರದು.

ಇನ್ನೊಂದು ಮಾತು, ಸ್ವಲ್ಪ ಖಾರ ಅನಿಸಬಹುದು. ಮಗನಿಗೆ ಡೊನೇಷನ್ ಕೊಟ್ಟು ಎಂಜಿನಿಯರಿಂಗ್, ಮಗಳಿಗೆ "ಅವಳು ಚುರುಕು, ಎಲ್ಲಿ ಬಿಟ್ಟರೂ ಓದ್ತಾಳೆ" ಎಂಬ ಹೊಗಳಿಕೆ. ಇದನ್ನು ನಾನು ಒಂದಲ್ಲ, ಹತ್ತಾರು ಮನೆಗಳಲ್ಲಿ ನೋಡಿದ್ದೇನೆ. ಆ ಡೊನೇಷನ್ ಬಂದದ್ದು ಮಗಳೂ ಸೇರಿ ಹುಲ್ಲು ಕೊಯ್ದು ಕರೆದ ಹಾಲಿನಿಂದ. ಬಟವಾಡೆ ಯಾರ ಖಾತೆಗೆ ಬೀಳುತ್ತದೆ ನೋಡಿ. ಸಂಘದ ಸದಸ್ಯತ್ವ, ಪಾಸ್‌ಬುಕ್ ಎರಡೂ ನಿಮ್ಮ ಹೆಸರಿನಲ್ಲಿದ್ದರೆ ಯಾರ ಓದಿಗೆ ಎಷ್ಟು ಎನ್ನುವ ಮಾತಿನಲ್ಲಿ ನಿಮಗೂ ಬಾಯಿ ಇರುತ್ತದೆ. ಇಲ್ಲದಿದ್ದರೆ ಈ ಲೇಖನದ ಲೆಕ್ಕವೆಲ್ಲ ಬೇರೆಯವರು ಹಾಕುವ ಲೆಕ್ಕ.

ಎಂಟನೇ ಕ್ಲಾಸಿಗೇ ಯೋಚಿಸಬೇಕಾದದ್ದು

ಪಿಯುಸಿ ಫಲಿತಾಂಶ ಬಂದ ಮೇಲೆ ಓಡಾಡುವವರಿಗೆ ಅರ್ಧ ಬಾಗಿಲು ಆಗಲೇ ಮುಚ್ಚಿರುತ್ತವೆ. ಗ್ರಾಮೀಣ ಮೀಸಲಾತಿ ಸಿಗಬೇಕೆಂದರೆ ಒಂದರಿಂದ ಹತ್ತನೇ ತರಗತಿವರೆಗೆ ಹತ್ತೂ ವರ್ಷ ಗ್ರಾಮೀಣ ಪ್ರದೇಶದಲ್ಲೇ ಓದಿರಬೇಕು. ಕನ್ನಡ ಮಾಧ್ಯಮದ ಮೀಸಲಾತಿಗೂ ಹತ್ತು ವರ್ಷದ ಲೆಕ್ಕವೇ. ಎಂಟನೇ ತರಗತಿಗೆ ಪೇಟೆಯ ಕಾನ್ವೆಂಟಿಗೆ ಹಾಕಿ ಎರಡನ್ನೂ ಕಳೆದುಕೊಂಡ ಮಕ್ಕಳಿದ್ದಾರೆ. ಹಾಕಬೇಡಿ ಎನ್ನುವುದಿಲ್ಲ, ಏನು ಬಿಟ್ಟುಕೊಡುತ್ತಿದ್ದೀರಿ ಎಂದು ತಿಳಿದು ಹಾಕಿ. ಕಲ್ಯಾಣ ಕರ್ನಾಟಕದವರಿಗೆ 371ಜೆ ಪ್ರಮಾಣಪತ್ರ ಬೇರೆ ಇದೆ.

ಪಶುವೈದ್ಯಕೀಯ, ಕೃಷಿ ಕೋರ್ಸುಗಳಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ. ಅದಕ್ಕೆ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಪ್ರಾಯೋಗಿಕ ಪರೀಕ್ಷೆ ನಡೆಸುತ್ತದೆ. ಬೀಜ, ಮೇವು, ಸಲಕರಣೆಗಳನ್ನು ಮುಂದಿಟ್ಟು "ಇದೇನು?" ಎಂದು ಕೇಳುತ್ತಾರೆ. ಅಮ್ಮನ ಜೊತೆ ಕೊಟ್ಟಿಗೆಯಲ್ಲಿ ಕೈ ಹಾಕಿದ ಹುಡುಗಿಗೆ ಅದು ಕಷ್ಟವಲ್ಲ. "ನೀನು ಓದ್ಕೋ, ಸಗಣಿ ಮುಟ್ಟಬೇಡ" ಎಂದು ಹತ್ತು ವರ್ಷ ಒಳಗೆ ಕೂರಿಸಿದ ಮಕ್ಕಳು ಅಲ್ಲಿ ಹುರುಳಿ ಯಾವುದು, ಅಲಸಂದೆ ಯಾವುದು ಎಂದು ತಡವರಿಸುತ್ತಾರೆ. ರಜೆಯಲ್ಲಿ ದಿನಕ್ಕೊಂದು ಗಂಟೆ ಮಕ್ಕಳನ್ನು ಹೊಲಕ್ಕೆ, ಕೊಟ್ಟಿಗೆಗೆ ಕರೆದುಕೊಂಡು ಹೋಗಿ. ಪಶುವೈದ್ಯ ಸೀಟುಗಳಲ್ಲಿ ಶೇಕಡಾ 15 ಅಖಿಲ ಭಾರತ ಕೋಟಾಕ್ಕೆ ಹೋಗುತ್ತವೆ, ಅವು ನೀಟ್ ಮೂಲಕ. ಹಾಲಿನ ಘಟಕಗಳಲ್ಲಿ ಕೆಲಸ ಬೇಕೆನ್ನುವವರಿಗೆ ಹೆಬ್ಬಾಳದಲ್ಲೂ ಕಲಬುರಗಿಯ ಮಹಾಗಾಂವ್ ಕ್ರಾಸ್‌ನಲ್ಲೂ ಡೇರಿ ವಿಜ್ಞಾನ ಕಾಲೇಜುಗಳಿವೆ, ನಾಲ್ಕು ವರ್ಷದ ಬಿ.ಟೆಕ್. ನಮ್ಮ ಸದಸ್ಯರ ಮಕ್ಕಳು ಇದನ್ನು ಕೇಳಿಯೇ ಇಲ್ಲ ಎನ್ನುವುದು ನನಗೆ ಬೇಸರದ ಸಂಗತಿ.

2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯಲ್ಲಿ ಹೆಣ್ಣುಮಕ್ಕಳಿಗೆ ಪಿಯುಸಿ, ಐಟಿಐ, ಡಿಪ್ಲೊಮಾಕ್ಕೆ 3,000, ಬಿ.ಎ., ಬಿ.ಎಸ್ಸಿ., ಬಿ.ಕಾಂ.ಗೆ 5,500, ನರ್ಸಿಂಗ್, ಫಾರ್ಮಸಿಯಂಥ ಕೋರ್ಸಿಗೆ 8,000, ಎಂಜಿನಿಯರಿಂಗ್, ವೈದ್ಯಕೀಯಕ್ಕೆ 11,000 ರೂಪಾಯಿ ಎಂದು ನಿಗದಿಯಾಗಿತ್ತು. ಈ ವರ್ಷದ ಅರ್ಜಿಯ ಬಗ್ಗೆ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಫ್ರೂಟ್ಸ್ ಐಡಿ ಕೇಳುತ್ತಾರೆ. ಪಹಣಿ ಇನ್ನೂ ತೀರಿಹೋದ ಮಾವನವರ ಹೆಸರಿನಲ್ಲೇ ಇದ್ದರೆ ಐಡಿ ಆಗುವುದಿಲ್ಲ, ಪೌತಿ ಖಾತೆ ಮೊದಲು ಮಾಡಿಸಿ. ಒಕ್ಕೂಟದ ಪ್ರೋತ್ಸಾಹಧನ, ಪ್ರತಿಭಾ ಪುರಸ್ಕಾರಗಳ ಬಗ್ಗೆ ನಿಮ್ಮ ಸಂಘದ ಕಾರ್ಯದರ್ಶಿಯವರನ್ನು ಜೂನ್‌ನಲ್ಲೇ ಕೇಳಿ. ಜಾತಿ ಮತ್ತು ಆದಾಯ ಪ್ರಮಾಣಪತ್ರ, ಗ್ರಾಮೀಣ ವ್ಯಾಸಂಗ, ಕನ್ನಡ ಮಾಧ್ಯಮ ಪ್ರಮಾಣಪತ್ರಗಳನ್ನು ಶಾಲೆಯ ಮುಖ್ಯೋಪಾಧ್ಯಾಯರ ಸಹಿಯೊಂದಿಗೆ, ಅವರು ವರ್ಗವಾಗಿ ಹೋಗುವ ಮೊದಲೇ, ಎರಡೆರಡು ಪ್ರತಿ ಮಾಡಿಸಿ ಒಂದು ಕವರಿನಲ್ಲಿಡಿ. ಜಾನುವಾರು ವಿಮೆಯ ಕಾಗದ ಇಡುವ ಡಬ್ಬಿಯಲ್ಲೇ ಇಟ್ಟರೂ ಆದೀತು, ಅದು ಎಲ್ಲಿದೆ ಎಂದು ನಿಮಗೆ ಖಂಡಿತ ಗೊತ್ತಿರುತ್ತದೆ.